ಸಿಸ್ಟ್ರಮ್ಮನ ಕೇಸ್ ಶೀಟು

"ಈ ಜರ್ಮನ್ ಗಾಡಿ ರಿಪೇರಿ ಎಲ್ಲಿ ಕಲ್ತೆ?" ಅಂತ ಯಾರಾದ್ರೂ ಕೇಳಿದ್ರೆ ನಾನು "ಹೊಳೆನರಸೀಪುರದಲ್ಲಿ, ಒಬ್ರು ನರ್ಸ್ ಹತ್ರ" ಅಂತೀನಿ. ಕೇಳ್ದೋರು ನಗ್ತಾರೆ. ಹಾಸನದಲ್ಲಿ ನಂಗೆ ಜೋಕ್ ಹೊಡಿಯೋನು ಅಂತ ಹೆಸರು ಬಂದ್ಬುಟ್ಟಿದೆ, ಅದ್ರಿಂದ ನಿಜ ಹೇಳಿದ್ರೂ ಜನ ನಗ್ತಾರೆ. ಮುಂಚೆ ಆಗಿದ್ರೆ ನಾನೂ ಜೊತೇಲಿ ನಗ್ತಿದ್ದೆ. ಈಗ ನಗಕ್ಕೂ ಸುಸ್ತು.

ಅವರು ಹೋಗಿ ಮೂರು ತಿಂಗ್ಳಾಯ್ತು. ಹೆಸರು ಬರಿಯಲ್ಲ. ಬರೆದ್ರೆ ಎದ್ದು ಬಂದು ಕಾಗುಣಿತ ತಿದ್ತಾರೆ, ಆಮೇಲೆ ಕೈ ತೊಳ್ದಿದ್ಯಾ ಅಂತ ಕೇಳ್ತಾರೆ. ಊರಿಗೆ ಊರೇ ಸಿಸ್ಟ್ರಮ್ಮ ಅಂತಿತ್ತು, ನಂಗೂ ಅಷ್ಟೇ ಸಾಕು.

ನಂದು ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿ. ಹಾಸನದಲ್ಲಿ ಕಾರಿಗೆ ಸೀಟ್ ಕವರ್ ಹಾಕೋ, ಸ್ಟೀರಿಯೋ ಕೂರ್ಸೋ ಅಂಗ್ಡಿ ಇಟ್ಕೊಂಡಿದೀನಿ. ಎಂಜಿನ್ ಅಂದ್ರೆ ಬಾನೆಟ್ ಕೆಳ್ಗಡೆ ಇರೋ ಬಿಸಿ ಜಾಗ ಅನ್ನೋ ಅಷ್ಟು ಮಾತ್ರ ಆಗ ಗೊತ್ತಿದ್ದಿದ್ದು. ಒಂದಿನ ಹೊಳೆನರಸೀಪುರಕ್ಕೆ ಸೀಟ್ ಕವರ್ ಅಳತೆ ತಗೊಳಕ್ಕೆ ಹೋಗಿ, ರೋಡ್ ಪಕ್ಕ ಟೀ ಕುಡೀತಾ ನಿಂತಿದ್ದೆ. ಎದುರುಗಡೆಯಿಂದ ಒಂದು ಹಳೇ ಕಾರು, ಬೆನ್ನು ಗುಂಡಗೆ ಆಮೆ ಥರ, ಹಿಂದ್ಗಡೆ ಯಜ್ಞ ಮಾಡ್ದಂಗೆ ನೀಲಿ ಹೊಗೆ ಬಿಟ್ಕೊಂಡು, ಟಿಂಗ್ ಟಿಂಗ್ ಟಿಂಗ್ ಅಂತ ಬತ್ತಾ ಇತ್ತು. ಕಾರಿಗೆ ಬೆಂಕಿ ಬಿದ್ದಿದೆ ಅಂತ ನಾನು ತೀರ್ಮಾನ ಮಾಡ್ಬುಟ್ಟೆ. ಜೀವ ಉಳಿಸೋ ಅವಕಾಶ ಯಾವಾಗ್ಲೂ ಸಿಗಲ್ವಲ್ಲ. ಟೀ ಅಂಗ್ಡಿಯೋನು ಲೋಟ ತೊಳೆದಿಟ್ಟಿದ್ದ ಬಕೆಟ್ ಎತ್ತಿ, ಓಡೋಗಿ, ಬಾನೆಟ್ ಮೇಲೆ ಹುಯ್ದೆ. ಅರ್ಧ ನೀರು ಬಾನೆಟ್ ಮೇಲೆ, ಇನ್ನರ್ಧ ಕಿಟಕಿ ಒಳ್ಗೆ.

ಕಾರು ನಿಲ್ತು. ಬಾಗ್ಲು ಎಲ್ಲಾ ಕಾರಿನ ಥರ ಮುಂದಕ್ಕೆ ತೆಗೀಲಿಲ್ಲ, ಹಿಂದಕ್ಕೆ ತೆಗೀತು. ಅದ್ನ ನೋಡೇ ನಾನು ಒಂದು ಹೆಜ್ಜೆ ಹಿಂದೆ ಹೋದೆ. ಒಳ್ಗಿಂದ ಬೆಳ್ಳಿ ತಲೆ, ಗಂಜಿ ಹಾಕಿ ಇಸ್ತ್ರಿ ಮಾಡಿರೋ ಕಾಟನ್ ಸೀರೆ, ಕೆನ್ನೆ ಮೇಲೆ ಟೀ ಚರಟ. ಎಪ್ಪತ್ತು ದಾಟಿರೋ ಹೆಂಗ್ಸು.

"ಯಾರ್ಲಾ ನೀನು?"

"ಅಮ್ಮ, ಹೊಗೆ..."

"ಹೊಗೆ ಬರ್ಬೇಕು ಕಣೋ. ಬರ್ದಿದ್ರೆ ಭಯ ಬೀಳ್ಬೇಕು." ಸೆರಗಲ್ಲಿ ಕೆನ್ನೆ ಒರೆಸ್ಕೊಂಡು ನನ್ನ ಮೇಲಿಂದ ಕೆಳ್ಗೆ ನೋಡಿದ್ರು. "ಕೈ ತೊಳ್ಕೊಂಡು ಬಾ. ಸೀಟ್ ಒರಸು."

ಹಿಂಗೆ ಶುರುವಾಯ್ತು. ಸೀಟ್ ಒರೆಸಕ್ಕೆ ಹೋದೋನು ಆರು ವರ್ಷ ಅಲ್ಲೇ ಒರೆಸ್ತಾ ಇದ್ದೆ.

ಆ ಸೀಟ್ ನೋಡೇ ನಾನು ಬಿದ್ದೋಗಿದ್ದು. ನನ್ನ ಕಸುಬು ಅದಲ್ವಾ. ಹರಿದಿದ್ದ ಕಡೆ ಎಲ್ಲಾ ಅವರೇ ಹೊಲಿಗೆ ಹಾಕಿದ್ರು, ಆದ್ರೆ ಟೈಲರ್ ಹೊಲಿಗೆ ಅಲ್ಲ. ಹೊಟ್ಟೆ ಕುಯ್ದು ಹಾಕ್ತಾರಲ್ಲ, ಆ ಹೊಲಿಗೆ. ಒಂದೊಂದು ಗಂಟು ಬೇರೆ ಬೇರೆ. "ಒಂದು ಬಿಟ್ಕೊಂಡ್ರೂ ಇನ್ನೊಂದು ಹಿಡ್ಕೊಂಡಿರ್ಬೇಕು," ಅಂದ್ರು. ಹಾಸನದಲ್ಲಿ ಲಕ್ಷುರಿ ಫಿನಿಶಿಂಗ್ ಅಂತ ಬೋರ್ಡ್ ಹಾಕ್ಕೊಂಡಿದ್ದೋನು ನಾನು. ಅವತ್ತೇ ಬೋರ್ಡ್ ಇಳಿಸ್ಬೇಕಿತ್ತು. ಇಳಿಸ್ಲಿಲ್ಲ, ನಾಚಿಕೆ ಆಯ್ತು ಅಷ್ಟೇ.

ಕಾರಿನ ಕತೆ ಇಷ್ಟು. ಸಿಸ್ಟ್ರಮ್ಮ ಕೊಣನೂರು ಕಡೆ ಒಕ್ಕಲು ಮನೆ ಹುಡುಗಿ. ನರ್ಸಿಂಗ್ ಓದಿ, ಈಗ ಮುಚ್ಚೋಗಿರೋ ಒಂದು ಚಿಕ್ಕ ಆಸ್ಪತ್ರೆಗೆ ಸೇರಿದ್ರು. ಅಲ್ಲಿ ಒಬ್ಬ ಜರ್ಮನ್ ಡಾಕ್ಟ್ರಮ್ಮ ಇದ್ರಂತೆ. ಅವರು ಹಡಗಲ್ಲಿ ಜೊತೆಗೆ ತಂದಿದ್ದ ಕಾರು ಇದು. ಡಾಕ್ಟ್ರಮ್ಮ ವಯಸ್ಸಾಗಿ ವಾಪಸ್ ಹೋಗೋವಾಗ ಡ್ರೈವರಿಗೂ ಕೊಡ್ಲಿಲ್ಲ, ಆಫೀಸ್‌ನೋರಿಗೂ ಕೊಡ್ಲಿಲ್ಲ, ಈ ನರ್ಸಿಗೆ ಕೊಟ್ರು. ಯಾಕೆ ಅಂತ ಕೇಳಿದ್ರೆ ಸಿಸ್ಟ್ರಮ್ಮ "ನಾನು ಬರೆದಿಡ್ತಿದ್ದೆ, ಅದಕ್ಕೆ" ಅಂತಿದ್ರು.

ಬರೆದಿಡೋದು ಅಂದ್ರೆ ಕೇಸ್ ಶೀಟು. ಆಸ್ಪತ್ರೇಲಿ ಮಂಚದ ಕಾಲಿಗೆ ತಗಲಾಕಿರ್ತಾರಲ್ಲ, ತಗಡಿನ ಕ್ಲಿಪ್ಪಿಗೆ ಸಿಗ್ಸಿರೋ ಚಾರ್ಟು, ಅದು ಈ ಕಾರಿನ ಸ್ಟೀರಿಂಗಿಗೆ ತೂಗಾಡ್ತಿತ್ತು. ತಾರೀಖು. ಒಳಗೆ ಹೋಗಿದ್ದು: ಪೆಟ್ರೋಲ್ ಎಷ್ಟು, ಎಣ್ಣೆ ಎಷ್ಟು. ಹೊರಗೆ ಬಂದಿದ್ದು: ಹೊಗೆ ಬಣ್ಣ, ಸೋರಿಕೆ. ಜ್ವರ: ರೇಡಿಯೇಟರ್ ಮುಟ್ಟಿ ನೋಡಿ ಬರೆಯೋದು. ಕೊನೇ ಕಾಲಂ ಷರಾ. ಅದ್ರಲ್ಲಿ ದಿನಾ ಒಂದೇ ಸಾಲು, ನಲವತ್ತು ವರ್ಷದಿಂದ: "ರೋಗಿ ಉಸಿರಾಡ್ತಿದೆ. ನರ್ಸಿಗೆ ಸುಸ್ತು."

"ದಿನಾ ಅದೇ ಬರೀತೀರಲ್ಲ ಸಿಸ್ಟ್ರಮ್ಮ, ಒಂದು ರಬ್ಬರ್ ಸ್ಟಾಂಪ್ ಮಾಡ್ಸಿಕೊಡ್ಲಾ?" ಅಂದೆ ಒಂದ್ಸಲ.

"ಸ್ಟಾಂಪಿಗೆ ಸುಸ್ತಾಗಲ್ಲ ಕಣೋ," ಅಂದ್ರು.

ಈ ಕಾರಿನ ಎಂಜಿನ್ ಹಳೇ ಸ್ಕೂಟರ್ ಥರ. ಪೆಟ್ರೋಲಿಗೆ ಎಣ್ಣೆ ಬೆರೆಸೇ ಹಾಕ್ಬೇಕು, ಆ ಎಣ್ಣೇಲೇ ಅದರ ಪಿಸ್ಟನ್ನು ಜಾರೋದು. ಇಪ್ಪತ್ತು ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್ ಎಣ್ಣೆ, ಅಂದ್ರೆ ಒಂದು ಸಲೈನ್ ಬಾಟ್ಲಿ. ಸಿಸ್ಟ್ರಮ್ಮನ ಮನೇಲಿ ಎಲ್ಲಾ ಎಣ್ಣೆನೂ ಸಲೈನ್ ಬಾಟ್ಲಿಯಲ್ಲೇ. ಕೊಬ್ರಿ ಎಣ್ಣೆ, ಮಂಡಿ ನೋವಿನ ಎಣ್ಣೆ, ಗಾಡಿ ಎಣ್ಣೆ, ಒಂದೊಂದು ಥರದ್ದೂ ಮೂರು ನಾಲ್ಕು ಬಾಟ್ಲಿ ಸಾಲಾಗಿ, ಎಲ್ಲಕ್ಕೂ ಬಿಳೀ ಟೇಪ್ ಮೇಲೆ ಹೆಸರು. ಹೊಳೆನರಸೀಪುರದ ಪೆಟ್ರೋಲ್ ಬಂಕಿನೋರಿಗೆಲ್ಲ ಈ ಪೂಜೆ ಗೊತ್ತಿತ್ತು. ಮೊದ್ಲು ಎಣ್ಣೆ, ಆಮೇಲೆ ಪೆಟ್ರೋಲ್, ಆಮೇಲೆ ಇಬ್ಬರು ಆ ಕಡೆ ಈ ಕಡೆ ನಿಂತು ಕಾರನ್ನ ತೊಟ್ಲು ತೂಗಿದಂಗೆ ತೂಗೋದು, ಬೆರೀಲಿ ಅಂತ. ಕಡೇದಾಗಿ ಸಿಸ್ಟ್ರಮ್ಮ ಚಾರ್ಟಲ್ಲಿ ಟಿಕ್ ಹಾಕೋದು.

ಟಿಕ್ ಬಗ್ಗೆ ಅವರಿಗೆ ಒಂದು ಹುಚ್ಚೇ ಇತ್ತು. ನಾನು ಸೇರಿದ ಮೊದಲ ವಾರದಲ್ಲೇ, ಎಣ್ಣೆ ಬಾಟ್ಲಿ ಇನ್ನೂ ಕೈಯಲ್ಲಿರುವಾಗ್ಲೇ ಟಿಕ್ ಹಾಕ್ಬುಟ್ಟಿದ್ದೆ. ಪೆನ್ನು ಕಿತ್ಕೊಂಡ್ರು.

"ಕೊಟ್ಟಿದ್ಯಾ?"

"ಈಗ ಕೊಡ್ತೀನಲ್ಲ."

"ಕೊಡ್ತೀನಿ ಅನ್ನೋದಕ್ಕೆ ಟಿಕ್ ಇಲ್ಲ. ಮೊದ್ಲು ಕೊಡು, ಆಮೇಲೆ ಟಿಕ್ಕು. ಟಿಕ್ ನೋಡಿ ಮುಂದಿನ ಡ್ಯೂಟಿಯೋಳು ನಂಬ್ತಾಳೆ. ಅವಳು ಹೋಗಿ ರೋಗಿನ ಕೇಳಲ್ಲ, ನಿನ್ ಟಿಕ್ಕನ್ನೇ ಕೇಳ್ತಾಳೆ."

ಆಯ್ತು ಆಯ್ತು ಅಂದೆ. ಒಂದು ಟಿಕ್ಕಿಗೆ ಇಷ್ಟು ಪಾಠನಾ ಅಂತ ಮನಸ್ಸಲ್ಲಿ ನಕ್ಕೆ.

ಕೆಲಸ ಕಲಿಸೋ ರೀತಿನೂ ಹಂಗೇ ಇತ್ತು. ಎಂಜಿನ್ ಸದ್ದು ಕೇಳಕ್ಕೆ ಸ್ಟೆತಾಸ್ಕೋಪ್. ಮೂರು ಸಿಲಿಂಡರಿಗೆ ಮೂರು ಸಲ ಇಟ್ಟು, ಕಣ್ಮುಚ್ಚಿ, "ನಡೂದು ಕೆಮ್ತಾ ಇದೆ" ಅನ್ನೋರು. ಕಿಡಿ ಹುಟ್ಟೋ ಪಾಯಿಂಟುಗಳ ಸಂದು ಎಷ್ಟಿರ್ಬೇಕು ಅಂತ ಅಳೆಯಕ್ಕೆ ಹಳೇ ಎಕ್ಸ್‌ರೇ ಫಿಲ್ಮು, ಎರಡು ಪದರ. ಯಾರ್ದೋ ಮಂಡಿ ಚಿಪ್ಪಿನ ಎಕ್ಸ್‌ರೇ ಅದು. "ಆ ಯಪ್ಪನ ಮಂಡಿ ಹೋಯ್ತು, ಫಿಲ್ಮ್ ಕೆಲ್ಸ ಮಾಡ್ತಾ ಇದೆ ನೋಡು," ಅನ್ನೋರು. ನಾನು ಬುದ್ಧಿವಂತಿಕೆ ತೋರಿಸಕ್ಕೆ ಹೋಗಿ ಮೂರು ಪಾಯಿಂಟಿನ ವೈರನ್ನೂ ಒಟ್ಟಿಗೆ ಬಿಚ್ಚಿ, ಯಾವುದು ಯಾವುದಕ್ಕೆ ಅಂತ ಮರೆತು, ತೋಚಿದಂಗೆ ಕೂರಿಸಿ ಸ್ಟಾರ್ಟ್ ಮಾಡ್ದಾಗ ಕಾರು ಸೀನಿದ ಸೀನಿಗೆ ಎದುರು ಮನೆ ಜಯಮ್ಮನ ಕಾಂಪೌಂಡ್ ಮೇಲಿದ್ದ ಬೆಕ್ಕು ಎರಡು ದಿನ ಮನೆಗೆ ಬರ್ಲಿಲ್ಲ. ಜಯಮ್ಮ ಬಂದು ಬೈದ್ರು. ಸಿಸ್ಟ್ರಮ್ಮ ಜಯಮ್ಮನ್ನ ಕೂರಿಸಿ, ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಿ ಕಳಿಸಿದ್ರು. ದಿನಾ ಬೆಳಗ್ಗೆ ಚುಚ್ತಿದ್ದಿದ್ದು ಅವರೇ. ಜಯಮ್ಮನಿಗೆ ಸೂಜಿ ಕಂಡ್ರೆ ತಲೆ ಸುತ್ತು, ಬೇರೆ ಯಾರ ಕೈಗೂ ತೋಳು ಕೊಡ್ತಿರ್ಲಿಲ್ಲ.

ಬಿಡಿಭಾಗ ಹುಡುಕೋದೇ ಒಂದು ಜನ್ಮದ ಕೆಲಸ. ಆ ಕಾರು ಮಾಡಿದ ಕಂಪ್ನಿ ಯಾವತ್ತೋ ಇಲ್ಲವಾಗೋಗಿದೆ. ಚನ್ನರಾಯಪಟ್ಟಣದಲ್ಲಿ ಒಬ್ರು ಜೈನರ ಹಳೇ ಅಕ್ಕಿ ಮಿಲ್ಲಿನ ಶೆಡ್ಡಲ್ಲಿ ಇದೇ ಮಾದರಿದು ಇನ್ನೊಂದು ಬಿದ್ದಿದೆ ಅಂತ ನಂಗೆ ಸುದ್ದಿ ಸಿಕ್ತು. ಆರು ವರ್ಷದಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು. ಇಬ್ಬರೂ ಹೋದ್ವಿ. ಸಿಸ್ಟ್ರಮ್ಮ ಧೂಳು ಒರೆಸಿ, ಬಾನೆಟ್ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಯಜಮಾನರ ಕಡೆ ತಿರುಗಿ, "ಸಾವ್ಕಾರ್ರೇ, ಇದು ಹೋಗಿ ಇಪ್ಪತ್ತು ವರ್ಷ ಆಗಿದೆ. ಅಂಗಾಂಗ ದಾನ ಮಾಡ್ತೀರಾ?" ಅಂದ್ರು.

"ತಗೊಂಡೋಗಿ ತಾಯಿ. ಆದ್ರೆ ಈಗ ಬೇಡಿ." ಅವರು ಮೆಲ್ಲಗೆ ಬಾನೆಟ್ ಎತ್ತಿ ತೋರಿಸಿದ್ರು. ಕಾರ್ಬುರೇಟರ್ ಪಕ್ಕ ಗೊರವಂಕ ಗೂಡು ಕಟ್ಟಿತ್ತು. ಒಳ್ಗೆ ನಾಲ್ಕು ಬೋಳು ಮರಿ ಬಾಯಿ ತೆಗೆದು ಕೂತಿದ್ವು.

ನಾನು "ಗೂಡನ್ನ ಪಕ್ಕಕ್ಕೆ ಇಟ್ರೆ ಆಯ್ತಪ್ಪ" ಅಂದೆ. ಇಬ್ಬರೂ ನನ್ನ ನೋಡಿದ ರೀತಿಗೆ ಶೆಡ್ಡಿಂದ ಆಚೆ ಹೋಗಿ ನಿಂತ್ಕೊಂಡೆ.

"ಹೆರಿಗೆ ವಾರ್ಡು," ಅಂದ್ರು ಸಿಸ್ಟ್ರಮ್ಮ. "ಡಿಸ್ಚಾರ್ಜ್ ಆಗೋವರ್ಗೂ ಕಾಯೋಣ."

ಕಾದ್ವಿ. ವಾರಕ್ಕೊಂದ್ಸಲ ಅಷ್ಟು ದೂರ ಹೋಗಿ ಮರಿ ನೋಡ್ಕೊಂಡು ಬರೋದು. ಯಜಮಾನರು ಬೆಲ್ಲದ ಪಾನಕ ಕೊಡೋರು, ಇಬ್ಬರೂ ಮರಿಗಳ ಆರೋಗ್ಯದ ಬಗ್ಗೆ ಮಾತಾಡೋರು. ಐದನೇ ವಾರ ಗೂಡು ಖಾಲಿ. ಕಾರ್ಬುರೇಟರ್ ಬಿಚ್ಕೊಂಡು ಬಂದ್ವಿ. ಮಿಕ್ಕಿದ ಎಂಜಿನ್ ಅಲ್ಲೇ ಬಿಟ್ಟು, "ಬೇಕಾದಾಗ ಬತ್ತೀವಿ" ಅಂದ್ರು. ಬೇಕಾಗೋ ಹಂಗೆ ಮಾಡೋನು ಪಕ್ಕದಲ್ಲೇ ನಿಂತಿದಾನೆ ಅಂತ ಅವರಿಗೆ ಗೊತ್ತಿರ್ಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದಿನ ಫೋನ್ ಮಾಡಿದ್ರು. "ಲೈಸೆನ್ಸು ಈ ತಿಂಗ್ಳಿಗೆ ಮುಗೀತದೆ ಕಣೋ. ಮತ್ತೆ ಕೊಡಲ್ಲ, ಕೇಳೋದೂ ಇಲ್ಲ. ಕಣ್ಣು, ದೂರದ್ದು ಕಾಣ್ತದೆ, ಹತ್ರದ ಅಕ್ಷರ ಮಸುಕು. ಕೊನೇ ಸಲ ಶೆಟ್ಟಿಹಳ್ಳಿಗೆ ಹೋಗ್ಬೇಕು. ಬತ್ತೀಯಾ?"

ಶೆಟ್ಟಿಹಳ್ಳಿ ಅಂದ್ರೆ ಹಿನ್ನೀರಲ್ಲಿ ಮುಳುಗಿ ಏಳೋ ಆ ಪಾಳು ಚರ್ಚು. ಈಗ ಅಲ್ಲಿಗೆ ಜನ ಫೋಟೋ ತೆಗಿಸ್ಕೊಳಕ್ಕೆ ಹೋಗ್ತಾರೆ. ಬೇಸ್ಗೇಲಿ ನೀರು ಇಳಿದು ಚರ್ಚ್ ಸುತ್ತ ಬಯಲಾಗ್ತದಲ್ಲ, ಆ ಬಯಲಲ್ಲೇ ಡಾಕ್ಟ್ರಮ್ಮ ಇವರಿಗೆ ಇದೇ ಕಾರು ಕಲಿಸಿದ್ದು. ಗುದ್ದಕ್ಕೆ ಏನೂ ಇಲ್ಲದ ಜಾಗ ಅಂತ. "ಆದ್ರೂ ಚರ್ಚಿಗೆ ಗುದ್ದೋದ್ರಲ್ಲಿದ್ದೆ," ಅನ್ನೋರು. ಶುರು ಮಾಡಿದ ಕಡೇನೇ ನಿಲ್ಲಿಸ್ಬೇಕು ಅನ್ನೋದು ಅವರ ಆಸೆ. ಬೇರೆ ಆಸೆ ಅಂತ ಅವರ ಬಾಯಲ್ಲಿ ನಾನು ಕೇಳೇ ಇಲ್ಲ.

ಹಾಸನದ ಲಾರಿ ಸಾಲಲ್ಲಿ ಸಿಕ್ಕಾಕೊಳೋದು ಬೇಡ ಅಂತ ಅರಕಲಗೂಡಿನ ಮೇಲೆ ಹೊರಟ್ವಿ. ಅವರೇ ಓಡಿಸಿದ್ರು, ನಾನು ಪಕ್ಕದಲ್ಲಿ. ಅರಕಲಗೂಡಲ್ಲಿ ಪೆಟ್ರೋಲ್ ಹಾಕಿಸ್ಬೇಕಾಯ್ತು. ಎದುರುಗಡೆ ಮೆಡಿಕಲ್ ಸ್ಟೋರಲ್ಲಿ ಕಣ್ಣಿನ ಡ್ರಾಪ್ಸ್ ತಗೊಂಡು ಬತ್ತೀನಿ ಅಂತ ಇಳಿದ್ರು. ಸಲೈನ್ ಬಾಟ್ಲಿನ ನನ್ನ ಕೈಗೆ ಕೊಟ್ಟು, ಚಾರ್ಟನ್ನೂ ಕೊಟ್ಟು, "ಡ್ಯೂಟಿ ನಿಂದು" ಅಂದ್ರು. ಆರು ವರ್ಷದಲ್ಲಿ ಮೊದಲನೇ ಸಲ.

ಈಗ ನನ್ನ ದಡ್ಡತನದ ಮಹಾಕಾವ್ಯ. ಅರಕಲಗೂಡಿನ ಬಂಕಲ್ಲಿ ಯಾರೂ ಈ ಕಾರು ನೋಡಿರ್ಲಿಲ್ಲ. ಜನ ಸೇರ್ಬುಟ್ರು. ನನಗೆ ಜನ ಸೇರಿದ್ರೆ ತಲೆ ಕೆಲಸ ಮಾಡಲ್ಲ, ಬಾಯಿ ಮಾತ್ರ ಮಾಡ್ತದೆ.

"ಸಾ, ಇದ್ಯಾವ್ ಗಾಡಿ?"

"ಜರ್ಮನಿದು. ಇಡೀ ಜಿಲ್ಲೆಗೆ ಓಡೋದು ಇದೊಂದೇ."

"ಓಡ್ಸೋರು ಯಾರು? ಆ ಅಜ್ಜಿಯಾ?"

"ಅಜ್ಜಿ ಓಡಿಸ್ತಾರೆ, ಟೆಕ್ನಿಕಲ್ ಎಲ್ಲಾ ನಾನೇ."

ಹೇಳ್ದೆ, ಹಿಂಗೇ ಹೇಳ್ದೆ. ಆಮೇಲೆ ಒಬ್ಬನ ಕೈಗೆ ಫೋನ್ ಕೊಟ್ಟು ವೀಡಿಯೋ ಮಾಡು ಅಂದೆ. ವೀಡಿಯೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ ಚಾರ್ಟ್ ಎತ್ತಿ ಹಿಡಿದು, "ನೋಡಿ, ನಾವು ಪ್ರತಿಯೊಂದೂ ಬರೆದಿಡ್ತೀವಿ" ಅಂತ ಕ್ಯಾಮೆರಾ ನೋಡ್ಕೊಂಡೇ ಎಣ್ಣೆ ಕಾಲಮ್ಮಿಗೆ ಟಿಕ್ ಹಾಕ್ದೆ. ದೊಡ್ಡ ಟಿಕ್ಕು. ಬಾಟ್ಲಿ ಹಿಂದಿನ ಸೀಟಿನ ಮೇಲೇ ಇತ್ತು. ಬಂಕಿನೋನು ಪೆಟ್ರೋಲ್ ಹಾಕ್ದ. ನಾನು ನಾಲ್ಕು ಜನನ ಸೇರಿಸಿ ಕಾರು ತೂಗಿಸ್ದೆ, ಅದೂ ವೀಡಿಯೋಗೆ. ಬರೀ ಪೆಟ್ರೋಲನ್ನ ಪೆಟ್ರೋಲ್ ಜೊತೆ ಬೆರೆಸಿದೋನು ಪ್ರಪಂಚದಲ್ಲಿ ನಾನೊಬ್ಬನೇ. ಸಿಸ್ಟ್ರಮ್ಮ ರಸ್ತೆ ಆ ಕಡೆಯಿಂದ ಕಾರು ತೂಗ್ತಿರೋದು ನೋಡಿದ್ರು, ಬಂದು ಚಾರ್ಟನ್ನ ಕೈ ಚಾಚಿ ದೂರ ಹಿಡಿದು ಟಿಕ್ ನೋಡಿದ್ರು. ನನ್ನ ಬೆನ್ನು ತಟ್ಟಿದ್ರು.

ಗೊರೂರಿನ ದಾರೀಲಿ ಒಂದಷ್ಟು ದೂರ ಚೆನ್ನಾಗೇ ಹೋಯ್ತು. ಟ್ಯಾಂಕಿನ ತಳದಲ್ಲಿ ಹಳೇ ಬೆರಕೆ ಉಳಿದಿತ್ತಲ್ಲ, ಅದರ ಪುಣ್ಯ.

"ಹಿಂದೆ ಹೊಗೆ ನೋಡೋ," ಅಂದ್ರು. "ಕಮ್ಮಿ ಆದಂಗಿದೆ?"

"ಗಾಡಿ ಇವತ್ತು ಖುಷಿಯಾಗಿದೆ ಸಿಸ್ಟ್ರಮ್ಮ," ಅಂದೆ.

ಒಂದು ದಿಬ್ಬ ಹತ್ತುವಾಗ ಎಂಜಿನ್ ಸಣ್ಣಗೆ ಕುಯ್ಯ್ ಅಂತು. ಅವರು ಕತ್ತು ವಾಲಿಸಿದ್ರು. "ಒಂದು ಸಿಲಿಂಡರ್ ಹೋಯ್ತು," ಅಂದ್ರು. ದಿಬ್ಬದ ತುದೀಲಿ, "ಎರಡು." ಅವರು ಆಕ್ಸಿಲರೇಟರಿಂದ ಕಾಲೆತ್ತಿದ್ರು. ಆಮೇಲೆ ಸದ್ದೇ ಇಲ್ಲ. ಈ ಕಾರಲ್ಲಿ ಕಾಲೆತ್ತಿದ್ರೆ ಎಂಜಿನ್ನು ಚಕ್ರದ ಕೈ ಬಿಟ್ಬಿಡ್ತದೆ, ಚಕ್ರ ತನ್ನ ಪಾಡಿಗೆ ಉರುಳ್ತದೆ. ಎಂಜಿನ್ ಸತ್ತಿತ್ತು, ಕಾರು ಹೋಗ್ತಾನೇ ಇತ್ತು. ಇಳಿಜಾರಲ್ಲಿ ಗಾಳಿ ಸದ್ದು ಬಿಟ್ರೆ ಏನೂ ಇಲ್ಲ. ಕೊನೆಗೆ ಒಂದು ರಾಗಿ ಹೊಲದ ಬೇಲಿ ಪಕ್ಕ ಹೋಗಿ ನಿಲ್ತು.

"ಎಣ್ಣೆ?" ಅಂದ್ರು.

ಆಗ ಕಾಲ ಹತ್ರ ಏನೋ ತಣ್ಣಗೆ ತಗುಲ್ತು. ಹಿಂದಿನ ಸೀಟಿಂದ ಬಿದ್ದು ಮುಂದಕ್ಕೆ ಉರುಳಿ ಬಂದಿದ್ದ ಸಲೈನ್ ಬಾಟ್ಲಿ. ತುಂಬಿತ್ತು.

"ಹಾಕಿದೀನಿ ಸಿಸ್ಟ್ರಮ್ಮ," ಅಂದೆ. "ಟಿಕ್ ಇದೆಯಲ್ಲ." ಅಂತಂದು ಕಾಲಲ್ಲೇ ಬಾಟ್ಲಿನ ನನ್ನ ಬ್ಯಾಗಿಗೆ ತಳ್ಳಿದೆ.

ಅವರು ಸ್ಟೀರಿಂಗಿಂದ ಕೈ ತೆಗೆದ್ರು. ಆಮೇಲೆ ಎರಡೂ ಕೈ ಮಡಿಲಲ್ಲಿ ಇಟ್ಕೊಂಡು ಅದನ್ನೇ ನೋಡ್ತಾ, "ಹಂಗಾದ್ರೆ ನಾನೇ ಕಣೋ," ಅಂದ್ರು. "ಅಕ್ಷರ ಕಾಣ್ದೆ ಕೊಬ್ರಿ ಎಣ್ಣೆ ಬಾಟ್ಲಿ ಕೊಟ್ಬುಟ್ಟಿದೀನಿ. ತಪ್ಪು ಮದ್ದು ಕೊಟ್ಟೆ."

ಅಲ್ಲ ಅಂತ ಹೇಳಕ್ಕೆ ಒಂದು ಉಸಿರು ಸಾಕಿತ್ತು. ನನ್ನ ಹತ್ರ ಇರ್ಲಿಲ್ಲ. ಬಾಯಿ ತೆಗೆದ್ರೆ ನಿಲ್ಲದೋನು ಅವತ್ತು ಕೆಳ್ಗಿಳಿದು, ಕಾರು ಎಳೆಯಕ್ಕೆ ಟ್ರ್ಯಾಕ್ಟರ್ ಹುಡುಕ್ಕೊಂಡು ಹೋದೆ.

ಕಾರನ್ನ ಹಾಸನಕ್ಕೆ, ನನ್ನ ಅಂಗ್ಡಿ ಹಿಂದಿನ ಶೆಡ್ಡಿಗೆ ಎಳೆಸಿದೆ. ಮೂರು ಪಿಸ್ಟನ್ನೂ ಗೋಡೆಗೆ ಅಂಟಿಕೊಂಡಿದ್ವು. ಚನ್ನರಾಯಪಟ್ಟಣದ ಮಿಲ್ಲಿನ ಯಜಮಾನರ ಹತ್ರ ಹೋಗಿ ಆ ಸತ್ತ ಕಾರಿನ ಎಂಜಿನ್ ತಂದೆ. ಅದರ ಪಿಸ್ಟನ್ನೂ ತುಕ್ಕಲ್ಲಿ ಕಚ್ಕೊಂಡಿದ್ವು. ಡೀಸೆಲ್ ಹುಯ್ದು ಕಾಯೋದು, ಮರದ ಸುತ್ತಿಗೇಲಿ ಒಂದೇಟು, ಮತ್ತೆ ಡೀಸೆಲ್, ಮತ್ತೆ ಕಾಯೋದು. ಸೀಟ್ ಕವರ್ ಗಿರಾಕಿಗಳು ಬಂದ್ರೆ ನಾಳೆ ಬನ್ನಿ ಅನ್ನೋದು. ಅಷ್ಟು ದುಡಿದ್ರೆ ತಪ್ಪು ತಾನಾಗೇ ಕರಗೋಗ್ತದೆ ಅಂತ ನಂಬಿದ್ದೆ. ಡೀಸೆಲ್ಲಿಗೆ ತುಕ್ಕು ಕರಗ್ತದೆ, ಅಷ್ಟೇ.

ವಾರಕ್ಕೊಂದ್ಸಲ ಹೊಳೆನರಸೀಪುರಕ್ಕೆ ಹೋಗಿ ವರದಿ ಒಪ್ಪಿಸ್ತಿದ್ದೆ. ಅವರು ಕೇಳಿಸ್ಕೊಳೋರು, ಏನೂ ತಿದ್ತಿರ್ಲಿಲ್ಲ. ಅದೇ ನಂಗೆ ಭಯ ಆಗಿದ್ದು. ಸುತ್ತಿಗೆ ಏಟು ಎಲ್ಲಿ ಹೊಡೆದೆ ಅಂತ ಕೂಡ ಕೇಳಲ್ಲ. ಮನೇಲಿದ್ದ ಸಲೈನ್ ಬಾಟ್ಲಿಗಳನ್ನೆಲ್ಲ ಖಾಲಿ ಮಾಡಿ, ತೊಳೆದು, ಕವುಚಿ ಹಾಕಿದ್ರು.

ಶ್ರಾವಣದಲ್ಲಿ ಒಂದು ಬೆಳಗ್ಗೆ ಹೋದಾಗ ಜಯಮ್ಮ ಬಾಗ್ಲಲ್ಲಿ ಕೈಯಲ್ಲಿ ಇನ್ಸುಲಿನ್ ಡಬ್ಬಿ ಹಿಡ್ಕೊಂಡು ನಿಂತಿದ್ರು.

"ನೀನಾದ್ರೂ ಹೇಳಪ್ಪ. ನಾಲ್ಕು ತಿಂಗ್ಳಾಯ್ತು ಚುಚ್ಚಲ್ಲ ಅಂತಾರೆ. ದಿನಾ ಆಟೋ ಮಾಡ್ಕೊಂಡು ಆಸ್ಪತ್ರೆಗೆ ಹೋಗೋದು. ಅಲ್ಲಿ ಆ ಹುಡ್ಗಿ ಚುಚ್ಚೋದು ಕಂಡ್ರೆ ಜೀವ ಬಾಯಿಗೆ ಬತ್ತದೆ. ಈ ವಾರ ಹೋಗೇ ಇಲ್ಲ ನಾನು, ಕಾಲೆಲ್ಲಾ ಜೋಮು."

ಒಳ್ಗಿಂದ ಸಿಸ್ಟ್ರಮ್ಮ, "ನನ್ ಕೈ ನಂಬ್ಬೇಡ ಜಯಮ್ಮ. ತಪ್ಪು ಬಾಟ್ಲಿ ಕೊಟ್ಟೋಳು ನಾನು. ಕಾರು ಆಗಿದ್ದಕ್ಕೆ ಸರಿ ಹೋಯ್ತು. ಮನುಷ್ಯರಾಗಿದ್ರೆ?" ಅಂದ್ರು. ಅಳ್ತಾ ಇರ್ಲಿಲ್ಲ. ರಿಪೋರ್ಟ್ ಓದಿದಂಗೆ ಹೇಳಿದ್ರು.

ನಾನು ಅಲ್ಲಿಂದ ಕೂರ್ದೇ ಹೊರಟೆ. ಹಾಸನಕ್ಕೆ ಹೋಗಿ, ಚಾರ್ಟು, ಬ್ಯಾಗಲ್ಲೇ ಇದ್ದ ಆ ತುಂಬಿದ ಬಾಟ್ಲಿ, ಎರಡೂ ತಗೊಂಡು ಮಧ್ಯಾಹ್ನಕ್ಕೆ ವಾಪಸ್ ಬಂದೆ. ಬೈಕಲ್ಲಿ ದಾರಿಯುದ್ದಕ್ಕೂ ಭಾಷಣ ತಯಾರಿ ಮಾಡಿದ್ದೆ, ನಡುವೆ ಎರಡು ಜೋಕೂ ಇದ್ವು. ಅವರ ಮುಂದೆ ನಿಂತಾಗ ಏನೂ ಉಳಿದಿರ್ಲಿಲ್ಲ. ಬಾಟ್ಲಿ ಮುಂದೆ ಇಟ್ಟೆ.

"ನಾನು ಹಾಕೇ ಇರ್ಲಿಲ್ಲ ಸಿಸ್ಟ್ರಮ್ಮ. ಟಿಕ್ ಮೊದ್ಲೇ ಹಾಕ್ಬುಟ್ಟೆ. ಆಮೇಲೆ ಸುಳ್ಳು ಹೇಳಿದೆ."

ಅವರು ಮುಚ್ಚಳ ತೆಗೆದ್ರು. ಮೂಸಿದ್ರು. ಒಂದು ಹನಿ ಬೆರಳಿಗೆ ಹಾಕ್ಕೊಂಡು ಹೆಬ್ಬೆರಳಲ್ಲಿ ಉಜ್ಜಿದ್ರು. "ಗಾಡಿ ಎಣ್ಣೆ," ಅಂದ್ರು. ಇನ್ನೊಂದ್ಸಲ ಮೂಸಿದ್ರು. "ಸರಿಯಾದ್ದೇ ಕೊಟ್ಟಿದೀನಿ."

ಮುಖದಲ್ಲಿ ಆಗ ಆಗಿದ್ದು ಏನು ಅಂತ ನಂಗೆ ಬರೆಯಕ್ಕೆ ಬರಲ್ಲ. ಸಿಟ್ಟು ಆಮೇಲೆ ಬಂತು. ಮೊದ್ಲು ಬಂದಿದ್ದು ಬೇರೆ. ನಾಲ್ಕು ತಿಂಗ್ಳು ಯಾರೋ ಹಿಡ್ಕೊಂಡಿದ್ದ ಅವರ ಕೈಯನ್ನ ಬಿಟ್ಟಂಗಾಯ್ತು.

ಆಮೇಲೆ ತಗಡಿನ ಕ್ಲಿಪ್ ಸಮೇತ ಚಾರ್ಟ್ ಎತ್ತಿ ನನ್ನ ತಲೆಗೆ ಒಂದು ಬಿಟ್ರು. ಗುರುತು ಇನ್ನೂ ಇದೆ, ಕೂದ್ಲು ಸರಿಸಿದ್ರೆ ಕಾಣ್ತದೆ.

"ಪೆನ್ ತಗೋ."

ತಗೊಂಡೆ. ಆ ಟಿಕ್ಕಿನ ಮೇಲೆ ಗೀಚಕ್ಕೆ ಹೋದೆ.

"ಗೀಚ್ಬೇಡ. ತಪ್ಪನ್ನ ಅಳಿಸಂಗಿಲ್ಲ. ಒಂದೇ ಗೀಟು. ಕೆಳ್ಗಡೆ ಏನಿತ್ತು ಅಂತ ಓದಕ್ಕೆ ಆಗ್ಬೇಕು. ಪಕ್ಕದಲ್ಲಿ 'ಕೊಟ್ಟಿಲ್ಲ' ಅಂತ ಬರಿ. ನಿನ್ ಹೆಸ್ರು ಬರಿ. ಇವತ್ತಿನ ತಾರೀಖು ಹಾಕು, ಅವತ್ತಿಂದಲ್ಲ."

ಬರೆದೆ. ಗೀಟು ಹಾವಿನಂಗೆ ಹೋಯ್ತು.

ಅವರು ಬಾಗ್ಲಿಗೆ ಬಂದು ಎದುರು ಮನೆ ಕಡೆ ಕೂಗಿದ್ರು. "ಜಯಮ್ಮಾ, ಸೂಜಿ ತಗೊಂಡು ಬಾ. ಬರೋವಾಗ ಕೈ ತೊಳ್ಕೊಂಡು ಬಾ." ನನ್ನ ಕಡೆ ತಿರುಗ್ದೇನೇ, "ನೀನಿನ್ನು ಹೋಗು," ಅಂದ್ರು.

ಒಂದು ತಿಂಗ್ಳು ಫೋನ್ ಎತ್ಲಿಲ್ಲ. ನಾನು ಪಿಸ್ಟನ್ ಬಿಡಿಸ್ತಾ ಇದ್ದೆ. ಮೂರನೇದು ಬಿಡ್ತು ಅಂತ ಮೆಸೇಜ್ ಹಾಕಿದ ದಿನ ಅವರೇ ಫೋನ್ ಮಾಡಿದ್ರು. ಹಲೋ ಇಲ್ಲ, ಚೆನ್ನಾಗಿದ್ಯಾ ಇಲ್ಲ. "ಪಾಯಿಂಟಿನ ಸಂದು ಎಷ್ಟಿಟ್ಟೆ?"

"ಎರಡು ಪದರ ಮಂಡಿ, ಸಿಸ್ಟ್ರಮ್ಮ."

"ಹ್ಞೂಂ," ಅಂದು ಇಟ್ರು. ಅವತ್ತು ನಾನು ಅಂಗ್ಡಿಗೆ ಬಂದ ಗಿರಾಕಿಗಳಿಗೆಲ್ಲ ಟೀ ಕುಡಿಸ್ದೆ.

ಎಂಜಿನ್ ಕೂರಿಸೋ ಮುಂಚೆ ಅವರ ಎದೆ ಕೈ ಕೊಡ್ತು. ಹಾಸನದ ಒಂದು ಆಸ್ಪತ್ರೆಗೆ ಸೇರಿಸಿದ್ರು. ನಾನು ಹೋದಾಗ ತಮ್ಮದೇ ಚಾರ್ಟ್ ತರಿಸ್ಕೊಂಡು ಕೈ ಚಾಚಿ ದೂರ ಹಿಡಿದು ನೋಡ್ತಾ ಇದ್ರು. ಎಳೇ ನರ್ಸ್ ಹುಡ್ಗಿ ಒಬ್ಳು ಪಕ್ಕದಲ್ಲಿ ನಿಂತಿದ್ಳು.

"ಬಿಪಿ ನೋಡಿದ್ಯಾಮ್ಮ?"

"ಈಗ ನೋಡ್ತೀನಿ ಮೇಡಂ."

"ನೋಡಿದೀನಿ ಅಂತ ಬರ್ದಿದ್ಯಲ್ಲ?" ಹುಡ್ಗಿ ಮುಖ ಸಣ್ಣಗಾಯ್ತು. ಸಿಸ್ಟ್ರಮ್ಮ ನನ್ನ ತೋರಿಸಿ, "ಈ ಯಪ್ಪನ್ನ ಕೇಳು. ಇವನು ಈ ವಿಷ್ಯದಲ್ಲಿ ಡಾಕ್ಟರೇಟ್ ಮಾಡಿದಾನೆ," ಅಂದ್ರು.

ನಾನು ಹುಡ್ಗಿ ಮುಂದೆ ತಲೆ ಬಗ್ಗಿಸಿ, ಕೂದ್ಲು ಸರಿಸಿ ಗುರುತು ತೋರಿಸಿದೆ. ಅವಳು ನಕ್ಳು. ಆಮೇಲೆ ಬಿಪಿ ನೋಡಿದ್ಳು.

ಹೊರಡೋವಾಗ ಕಾರಿನ ಚಾರ್ಟ್ ಎಲ್ಲಿ ಅಂದ್ರು. ಬ್ಯಾಗಲ್ಲೇ ಇತ್ತು, ಅದನ್ನ ಆಚೆ ಈಚೆ ಬಿಡೋ ಧೈರ್ಯ ನಂಗೆ ಇನ್ನೂ ಬಂದಿಲ್ಲ. ಕಣ್ಣಿಗೆ ಕಾಣ್ದಿದ್ರೂ ಬೆರಳಲ್ಲೇ ಗೆರೆ ಹುಡುಕಿ, ದೊಡ್ಡ ಅಕ್ಷರದಲ್ಲಿ, ಸಾಲು ವಾರೆಯಾಗಿ, "ಡ್ಯೂಟಿ ಒಪ್ಪಿಸಿದೆ" ಅಂತ ಬರೆದು ಸೈನ್ ಹಾಕಿದ್ರು.

"ಉಡುಗೊರೆ ಅನ್ಕೋಬೇಡ. ಡ್ಯೂಟಿ," ಅಂದ್ರು. "ಶೆಟ್ಟಿಹಳ್ಳಿಗೆ ನಿನ್ ಕೈಲಿ ಆದ್ರೆ ಹೋಗು. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತ ಬರಿ."

ನಾಲ್ಕು ದಿನ ಆದ್ಮೇಲೆ ಜಯಮ್ಮ ಫೋನ್ ಮಾಡಿದ್ರು. ಆಗ ಶೆಡ್ಡಲ್ಲಿ ಎಂಜಿನ್ ತೂಗಾಕಿ ನಿಂತಿದ್ದೆ. ಕೈ ತೊಳ್ಕೊಂಡು ಹೊರಟೆ.

ಮೊನ್ನೆ ಭಾನುವಾರ ಕಾರು ಓಡ್ತು, ಅವತ್ತಿನ ದಾರೀಲೇ, ಅರಕಲಗೂಡಿನ ಮೇಲೆ. ಚೆನ್ನಾಗಿ ಓಡ್ತು ಅನ್ನಲ್ಲ. ಗೊರೂರು ದಾಟೋದ್ರೊಳ್ಗೆ ಮೂರು ಸಲ ನಿಂತು, ಒಂದ್ಸಲ ನಡೂದು ಕೆಮ್ಮಿ, ಒಂದ್ಸಲ ನಾನೇ ಬಾಗ್ಲು ತಪ್ಪು ಕಡೆಯಿಂದ ತೆಗೆಯಕ್ಕೆ ಹೋಗಿ ರೋಡಿಗೆ ಬಿದ್ದು. ರಾಗಿ ಹೊಲದ ಹತ್ರ ಕುಯ್ಯ್ ಅಂತದೇನೋ ಅಂತ ಉಸಿರು ಹಿಡ್ಕೊಂಡೆ. ಅನ್ಲಿಲ್ಲ. ಹಿಂದೆ ಕನ್ನಡೀಲಿ ನೋ‌ಡ್ದೆ, ಇಡೀ ರಸ್ತೆ ನೀಲಿಯಾಗಿತ್ತು. ಬೈಕಿನೋನು ಒಬ್ಬ ಪಕ್ಕಕ್ಕೆ ಬಂದು, "ಗುರೂ, ಗಾಡಿಗೆ ಬೆಂಕಿ ಬಿದ್ದದೆ!" ಅಂತ ಕೂಗ್ದ. ಹೊಗೆ ಬರ್ಬೇಕು ಕಣಪ್ಪ, ಅಂದೆ.

ಶೆಟ್ಟಿಹಳ್ಳೀಲಿ ನೀರು ಇನ್ನೂ ಪೂರ್ತಿ ಇಳಿದಿಲ್ಲ. ಚರ್ಚ್ ಸೊಂಟದ ಮಟ್ಟ ನೀರಲ್ಲಿ ನಿಂತಿತ್ತು. ಅವರು ಕಲಿತ ಬಯಲು ಕೆಳ್ಗಿದೆ. ರಸ್ತೆ ನೀರಿಗೆ ಇಳಿಯೋ ಕಡೆ ಕಾರು ನಿಲ್ಲಿಸಿ, ಎಂಜಿನ್ ಆರಿಸ್ದೆ. ಟ್ಯಾಂಕಲ್ಲಿ ವಾಪಸ್ ಹೋಗೋ ಅಷ್ಟು ಇರ್ಲಿಲ್ಲ. ಕ್ಯಾನಲ್ಲಿ ಇಪ್ಪತ್ತು ಲೀಟರ್ ಪೆಟ್ರೋಲ್ ತಂದಿದ್ದೆ. ಮೊದ್ಲು ಸಲೈನ್ ಬಾಟ್ಲಿ ಪೂರ್ತಿ ಸುರಿದೆ, ಕೊನೇ ಹನಿ ಬೀಳೋವರ್ಗೂ ಹಿಡ್ಕೊಂಡಿದ್ದೆ. ಆಮೇಲೆ ಪೆಟ್ರೋಲ್. ತೂಗಕ್ಕೆ ಇನ್ನೊಬ್ಬರು ಇರ್ಲಿಲ್ಲ, ಈ ಕಡೆ ಒಂದು ಸಲ, ಸುತ್ತಾಕೊಂಡು ಆ ಕಡೆ ಒಂದು ಸಲ, ನಾನೊಬ್ಬನೇ ತೂಗಿದೆ. ನೀರಿನ ಹತ್ರ ಫೋಟೋ ತೆಗಿತಿದ್ದೋರು ಇವನಿಗೇನು ಹುಚ್ಚಾ ಅಂತ ನೋಡಿದ್ರು.

ಖಾಲಿ ಬಾಟ್ಲಿನ ಬೆಳಕಿಗೆ ಹಿಡಿದು ಒಂದ್ಸಲ ನೋಡ್ದೆ. ಒಳ್ಗೆ ಕೂತು, ಸ್ಟೀರಿಂಗಿಂದ ಚಾರ್ಟ್ ತೆಗೆದು, ಟಿಕ್ ಹಾಕ್ದೆ. ಷರಾ ಕಾಲಂ ಖಾಲಿ ಇತ್ತು. ಏನಾದ್ರೂ ಹೊಸದು ಬರೆಯೋಣ ಅಂತ ತುಂಬಾ ಹೊತ್ತು ಪೆನ್ ಹಿಡ್ಕೊಂಡಿದ್ದೆ. ಏನೂ ಹೊಳೀಲಿಲ್ಲ, ಸೊಂಟ ನೋಯ್ತಿತ್ತು, ಕೈಯೆಲ್ಲಾ ಎಣ್ಣೆ.

ಬರೆದೆ: ರೋಗಿ ಉಸಿರಾಡ್ತಿದೆ. ನರ್ಸಿಗೆ ಸುಸ್ತು.